ಹಲ್ಲಿಲ್ಲದ ಕಡಲ ಬಸವನ ಹುಳುಗಳು

ಬಸವನ ಹುಳುವಿನ ಬಾಯಿಯಲ್ಲಿ ರ್‍ಯಾಡ್ಯುಲ ಎಂಬ ಅಂಗವಿರುವುದನ್ನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಅದು ಸೂಕ್ಷ್ಮ ಹಲ್ಲುಗಳ ಸಾಲುಗಳಿರುವ ಪಟ್ಟಿ. ಅರದಂತೆ ಉಜ್ಜಿ ಆಹಾರವನ್ನು ಕೆರೆಯುತ್ತದೆ. ಈ ಹಲ್ಲುಗಳ ಆಕಾರ ಮತ್ತು ಜೋಡಣೆ ಗುಂಪಿನಿಂದ ಗುಂಪಿಗೆ ಬೇರೆ. ಆದ್ದರಿಂದ 19ನೇ ಶತಮಾನದಲ್ಲಿ ಸ್ವೀಡನ್ನಿನ ಲೊವೆನ್, ಜರ್ಮನಿಯ ಟ್ರೋಶೆಲ್ ಮೊದಲಾದವರು ಹಲ್ಲುಗಳನ್ನೇ ವರ್ಗೀಕರಣಕ್ಕೆ ಆಧಾರವಾಗಿ ಬಳಸಿದರು.

ಹಾಗಾದರೆ ಹಲ್ಲೇ ಇಲ್ಲದವುಗಳನ್ನು ಎಲ್ಲಿ ಸೇರಿಸಬೇಕು? ಪಿರಮಿಡೆಲ್ಲಿಡೀ ಮತ್ತು ಯೂಲಿಮಿಡೀ ಎಂಬ ಎರಡು ಕುಟುಂಬಗಳನ್ನು 'ಜಿಮ್ನೊಗ್ಲೋಸ', ಅಂದರೆ 'ಬರಿನಾಲಿಗೆಯವು' ಎಂಬ ಒಂದೇ ಗುಂಪಿನಲ್ಲಿ ಇರಿಸಲಾಯಿತು. ಒಂದು ಅಂಗ ಇಲ್ಲದಿರುವುದೇ ನೆಂಟಸ್ತನಕ್ಕೆ ಸಾಕ್ಷಿಯಾಯಿತು!

ಪಿರಮಿಡೆಲ್ಲಿಡೀ ಕುಟುಂಬದ ಆಡೊಸ್ಟೋಮಿಯ ಕೆಲವೇ ಮಿಲಿಮೀಟರ್ ಉದ್ದದ ಜೀವಿ. ಅದರ ಚಿಪ್ಪನ್ನು ಸಂಗ್ರಹಕಾರರು ಚೆನ್ನಾಗಿ ಬಲ್ಲವರಾಗಿದ್ದರು. ಅದರ ಊಟದ ಕ್ರಮ ಮಾತ್ರ ಬಹುಕಾಲ ಸ್ಪಷ್ಟವಾಗಿರಲಿಲ್ಲ. 1949ರಲ್ಲಿ ಬ್ರಿಟನ್ನಿನ ವೀರಾ ಫ್ರೆಟರ್ ಮತ್ತು ಅಲಾಸ್ಟೇರ್ ಗ್ರಹಾಂ ಈ ಕುಟುಂಬದ ಅಂಗರಚನೆ ಹಾಗೂ ಜೀವನಕ್ರಮವನ್ನು ವಿವರವಾಗಿ ಪ್ರಕಟಿಸಿದರು.

ಅವರು ಕಂಡ ಉಪಕರಣ ವಿಸ್ಮಯಕರವಾದುದು. ದೇಹದೊಳಗೆ ಮಡಚಿಕೊಂಡಿರುವ ಉದ್ದನೆಯ ಸೊಂಡಿಲು ಕೈಗವಸಿನ ಬೆರಳಿನಂತೆ ಒಳಮಗ್ಗುಲು ಹೊರಗಾಗಿ ಚಾಚಿಕೊಳ್ಳುತ್ತದೆ. ಅದರ ತುದಿಯ ಹೀರುಬಟ್ಟಲು ಆತಿಥೇಯದ ಮೈಯನ್ನು ಹಿಡಿಯುತ್ತದೆ. ಒಳಗಿನ ಸೂಜಿಯಂಥ ಮುಳ್ಳು ಚರ್ಮವನ್ನು ಚುಚ್ಚುತ್ತದೆ. ಅದರ ಹಿಂದಿರುವ ಸ್ನಾಯುಮಯ ಪಂಪು ದೇಹದ್ರವವನ್ನು ಹೀರುತ್ತದೆ. ಈ ಮುಳ್ಳನ್ನು ದವಡೆಯ ರೂಪಾಂತರವೆಂದು ವಿವರಿಸಲಾಗಿದೆ. ಕೆರೆಯುವ ಕೆಲಸವೇ ಇಲ್ಲದ ಮೇಲೆ ರ್‍ಯಾಡ್ಯುಲಕ್ಕೆ ಅಲ್ಲಿ ಸ್ಥಾನವಿಲ್ಲ.

ಆತಿಥೇಯಗಳೂ ಬಗೆಬಗೆ. ಒಂದು ಪ್ರಭೇದ ಮೈಟಿಲಸ್ ಎಂಬ ಕಪ್ಪೆಚಿಪ್ಪಿನ ಅಂಚಿನಲ್ಲಿ ಕುಳಿತು ಒಳಗೆ ಸೊಂಡಿಲು ಚಾಚುತ್ತದೆ. ಇನ್ನೊಂದು, ಸುಣ್ಣದ ಕೊಳವೆಯಲ್ಲಿ ವಾಸಿಸುವ ಹುಳುವನ್ನು ಚುಚ್ಚುತ್ತದೆ. 1955ರಲ್ಲಿ ಕೋಲ್ ಮತ್ತು ಹ್ಯಾನ್‌ಕಾಕ್ ಆಡೊಸ್ಟೋಮಿಯವನ್ನು ಸಿಂಪಿ ಹಾಗೂ ಕಪ್ಪೆಚಿಪ್ಪುಗಳ ಪೀಡೆ ಎಂದು ವರದಿ ಮಾಡಿದರು. ಅಮೆರಿಕದ ಸಿಂಪಿಗಳ ಮೇಲಿರುವ ಬೂನಿಯ ಎಂಬ ಸಂಬಂಧಿ ರೋಗಾಣುವನ್ನೂ ಹರಡಬಲ್ಲದೆಂದು 1980ರ ದಶಕದ ಪ್ರಯೋಗಗಳು ತೋರಿಸಿದವು.

ವರ್ಗೀಕರಣವೂ ಬದಲಾಯಿತು. ಮರಿಯ ಚಿಪ್ಪು ಎಡಕ್ಕೂ ಬೆಳೆದ ಚಿಪ್ಪು ಬಲಕ್ಕೂ ಸುತ್ತಿಕೊಳ್ಳುವುದು ಪಿರಮಿಡೆಲ್ಲಿಡೀಯ ಲಕ್ಷಣ. ಒಳರಚನೆಯನ್ನೂ ಪರಿಗಣಿಸಿದ ಫ್ರೆಟರ್ ಮತ್ತು ಗ್ರಹಾಂ ಅವುಗಳನ್ನು ಕಡಲಗೊಂಡೆಹುಳುಗಳಿರುವ ಒಪಿಸ್ತೊಬ್ರಾಂಕ್ ಬಳಗಕ್ಕೆ ಸೇರಿಸಿದರು. 2010ರ ಡಿಎನ್‌ಎ ಅಧ್ಯಯನವು ಅವುಗಳನ್ನು ನಮ್ಮ ತೋಟದ ಬಸವನ ಹುಳುವಿರುವ ದೊಡ್ಡ ಗುಂಪಿನೊಳಗೇ ಇರಿಸಿತು. ನಕ್ಷತ್ರಮೀನು, ಕಡಲಸೌತೆಗಳ ಪರಾವಲಂಬಿಗಳಾದ ಯೂಲಿಮಿಡೀ ದೂರದ ಬೇರೊಂದು ಕವಲು. ಎರಡೂ ಕವಲುಗಳು ಪ್ರತ್ಯೇಕವಾಗಿಯೇ ಹಲ್ಲು ಕಳೆದುಕೊಂಡಿವೆ.

ಹೀರಿ ಬದುಕುವ ಜೀವಿಗಳಲ್ಲಿ ಅನಗತ್ಯ ಅಂಗಗಳು ಅಳಿಯುವುದು ಸಾಮಾನ್ಯ. ಆದ್ದರಿಂದ ಒಂದು ಅಂಗದ ಅಭಾವವನ್ನು ಕಂಡಾಗ, ಅದು ವಂಶದಿಂದ ಬಂದುದೇ ಅಥವಾ ಜೀವನಕ್ರಮದಿಂದ ಆದುದೇ ಎಂದು ಮೊದಲು ಕೇಳಬೇಕು. ವಿಕಾಸವನ್ನು ಬೋಧಿಸುವ ತರಗತಿಗೆ ಈ ಪುಟ್ಟ ಜೀವಿ ಉತ್ತಮ ಉದಾಹರಣೆ.