ನಾಳೆಯ ಲೋಕದ ನಕ್ಷೆ ಯಾರ ಕೈಯಲ್ಲಿ?

2025ರ ಮೇ 7ರಂದು ಡಿಸ್ನಿ ಕಂಪೆನಿಯು ಅಬುಧಾಬಿಯ ಯಾಸ್ ದ್ವೀಪದಲ್ಲಿ ತನ್ನ ಏಳನೆಯ ಥೀಮ್ ಪಾರ್ಕ್ ತಾಣ ಬರಲಿದೆ ಎಂದು ಪ್ರಕಟಿಸಿತು. ಕಟ್ಟುವುದು ಮತ್ತು ನಡೆಸುವುದು ಅಲ್ಲಿನ ಮಿರಾಲ್ ಸಂಸ್ಥೆ. ಹೆಸರು, ಕಲ್ಪನೆ, ವಿನ್ಯಾಸ ಡಿಸ್ನಿಯದು. ಒಳಗೆ ಯಾವ ಯಾವ ಲೋಕಗಳಿರುತ್ತವೆ ಎಂಬುದನ್ನು ಮಾತ್ರ ಅಂದು ಬಿಡಿಸಿ ಹೇಳಲಿಲ್ಲ. ಹೇಳದೆ ಬಿಟ್ಟದ್ದೇ ಅಭಿಮಾನಿಗಳಿಗೆ ಸಾಕಾಯಿತು. 'ಸ್ಟಾರ್ ವಾರ್ಸ್'ನ ಅಂತರಿಕ್ಷ ಲೋಕ ಅಲ್ಲಿಗೂ ಬರುತ್ತದೆಯೇ, ಮರುಭೂಮಿಯ ಸೆಖೆಗೆ ಎಲ್ಲವೂ ಸೂರಿನಡಿಯಲ್ಲೇ ಇರುತ್ತದೆಯೇ ಎಂಬ ಊಹೆಗಳಿಗೆ ರೆಕ್ಕೆ ಬಂದವು.

ನಮ್ಮ ಕರಾವಳಿಯ ಎಷ್ಟೋ ಮನೆಗಳ ಅನ್ನ ಆ ಮರಳುನಾಡಿನ ದುಡಿಮೆಯಿಂದ ಬರುತ್ತದೆ. ಆದುದರಿಂದ ಈ ಸುದ್ದಿ ನಮಗೆ ದೂರದ್ದಲ್ಲ. ಇನ್ನೂ ಕಟ್ಟದ ಲೋಕವೊಂದನ್ನು ಜನ ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಹೊಸ ಚಾಳಿಯೂ ಅಲ್ಲ. ಅದಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸದ ಒಂದು ಕೊನೆ ನಮ್ಮ ಬೈಕಂಪಾಡಿಯವರೆಗೂ ಚಾಚಿಕೊಂಡಿದೆ.

ಚಂದ್ರಲೋಕಕ್ಕೆ ಟಿಕೆಟು

1901ರಲ್ಲಿ ಅಮೆರಿಕದ ಬಫೆಲೋ ನಗರದ ಮಹಾಪ್ರದರ್ಶನದಲ್ಲಿ ಫ್ರೆಡೆರಿಕ್ ಥಾಂಪ್ಸನ್ ಎಂಬಾತ 'ಚಂದ್ರಲೋಕ ಯಾತ್ರೆ' ಎಂಬ ಆಟವನ್ನಿಟ್ಟ. ಟಿಕೆಟು ಕೊಂಡವರು 'ಲೂನಾ' ಎಂಬ ರೆಕ್ಕೆಯ ಹಡಗನ್ನೇರುತ್ತಿದ್ದರು. ದೀಪ, ಗಾಳಿ ಮತ್ತು ಬಣ್ಣ ಬಳಿದ ಪರದೆಗಳ ಮಾಯೆಯಿಂದ ಹಡಗು ಭೂಮಿಯನ್ನು ಬಿಟ್ಟಂತೆ ತೋರುತ್ತಿತ್ತು. ಇಳಿದ ಮೇಲೆ ಚಂದ್ರವಾಸಿಗಳ ವೇಷದವರು ಹಸಿರು ಚೀಸಿನ ತುಂಡು ಕೊಟ್ಟು ಸತ್ಕರಿಸುತ್ತಿದ್ದರು. ಜೂಲ್ಸ್ ವರ್ನ್, ಎಚ್.ಜಿ. ವೆಲ್ಸ್ ಅವರ ಚಂದ್ರಯಾನದ ಕಾದಂಬರಿಗಳನ್ನು ಓದಿದ್ದ ಜನ ಮುಗಿಬಿದ್ದರು. 1903ರಲ್ಲಿ ಅದೇ ಥಾಂಪ್ಸನ್ ಪಾಲುದಾರನೊಬ್ಬನೊಡನೆ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 'ಲೂನಾ ಪಾರ್ಕ್' ತೆರೆದ. ಪುಸ್ತಕದಲ್ಲಿದ್ದ ವಿಜ್ಞಾನ ಕಥೆ ಹೀಗೆ ಟಿಕೆಟು ಕೊಟ್ಟು ನೋಡುವ ಸಂತೆಯಾಯಿತು.

ಸರಿಸುಮಾರು ಅದೇ ಕಾಲದಲ್ಲಿ, 1905ರಲ್ಲಿ, ಬಂಗಾಳದ ರುಕಿಯಾ ಸಖಾವತ್ ಹುಸೇನ್ ಎಂಬ ಮುಸ್ಲಿಂ ಮಹಿಳೆ 'ಸುಲ್ತಾನಾಸ್ ಡ್ರೀಮ್' ಎಂಬ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅದು ಅಚ್ಚಾದದ್ದು ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ. ಆ ಕಥೆಯ ನಾಡಿನಲ್ಲಿ ಸೂರ್ಯನ ಶಾಖದಿಂದ ಅಡುಗೆ ನಡೆಯುತ್ತದೆ, ಆಕಾಶದಿಂದ ನೇರವಾಗಿ ನೀರು ಸಂಗ್ರಹಿಸಲಾಗುತ್ತದೆ, ಹಾರುವ ವಾಹನಗಳಿವೆ, ದಿನಕ್ಕೆ ಎರಡೇ ಗಂಟೆ ದುಡಿದರೆ ಸಾಕು. ಥಾಂಪ್ಸನ್ನನ ನಾಳೆಯಲ್ಲಿ ನೋಡುಗನಿದ್ದಾನೆ; ರುಕಿಯಾರ ನಾಳೆಯಲ್ಲಿ ಬದುಕುವವರಿದ್ದಾರೆ. ಇವೆರಡರ ನಡುವಿನ ಅಂತರ ಮುಂದೆ ಬಹಳ ದೊಡ್ಡದಾಯಿತು.

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಆರಂಭವಾದಾಗ ಅದರ 'ಟುಮಾರೋಲ್ಯಾಂಡ್' 1986ನೇ ಇಸವಿಯನ್ನು ತೋರಿಸುವುದೆಂದು ಹೇಳಿಕೊಂಡಿತು. ಆ ನಾಳೆಯ ಖರ್ಚಿನಲ್ಲಿ ಕೈಗಾರಿಕೆಗಳಿಗೂ ಪಾಲಿತ್ತು. ಮಾನ್ಸಾಂಟೋ ಎಂಬ ರಾಸಾಯನಿಕ ಕಂಪೆನಿ ಅಲ್ಲಿ ರಸಾಯನಶಾಸ್ತ್ರದ ಪ್ರದರ್ಶನವಿಟ್ಟಿತು. 1957ರಲ್ಲಿ ಪ್ಲಾಸ್ಟಿಕ್ಕಿನದೇ ಒಂದು 'ಭವಿಷ್ಯದ ಮನೆ'ಯನ್ನೂ ಕಟ್ಟಿತು. ಹತ್ತು ವರ್ಷಗಳ ಬಳಿಕ ಆ ಮನೆಯನ್ನು ಕೆಡವಬೇಕಾಯಿತು. ಕೆಡವಲು ತಂದ ಕಬ್ಬಿಣದ ಗುಂಡು ಗೋಡೆಗೆ ಬಡಿದು ವಾಪಸು ಪುಟಿಯಿತೆಂದು ಈಗಲೂ ಹೇಳುತ್ತಾರೆ. ಭವಿಷ್ಯ ಹಳತಾದರೂ ಪ್ಲಾಸ್ಟಿಕ್ ಕರಗಲಿಲ್ಲ!

ರಹಸ್ಯ ಖರೀದಿದಾರ

ಊಹೆಯ ಇತಿಹಾಸದಲ್ಲಿ ಮರೆಯಲಾಗದ ಅಧ್ಯಾಯ ನಡೆದದ್ದು ಫ್ಲೋರಿಡಾದಲ್ಲಿ. 1964-65ರಲ್ಲಿ ಒರ್ಲಾಂಡೋ ಪಟ್ಟಣದ ಸುತ್ತಲಿನ ಜೌಗು ಭೂಮಿಯನ್ನು ಯಾರೋ ಒಂದೇ ಸಮನೆ ಕೊಳ್ಳತೊಡಗಿದರು. ಕಾಗದದಲ್ಲಿದ್ದದ್ದು ಯಾರೂ ಕೇಳರಿಯದ ಕಂಪೆನಿಗಳ ಹೆಸರು. ಫೋರ್ಡ್ ಕಾರಿನವರಿರಬೇಕು ಎಂದರು ಕೆಲವರು. ವಿಮಾನ ಕಾರ್ಖಾನೆ ಎಂದರು ಇನ್ನು ಕೆಲವರು. ಸ್ಥಳೀಯ ಪತ್ರಿಕೆಯ ವರದಿಗಾರ್ತಿ ಎಮಿಲಿ ಬವರ್ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ವಾಲ್ಟ್ ಡಿಸ್ನಿಯನ್ನೇ ನೇರವಾಗಿ ಕೇಳಿದರು. ಆತ ಅಲ್ಲವೆಂದ, ಆದರೆ ಫ್ಲೋರಿಡಾದ ಮಳೆ, ಹವೆ, ಪ್ರವಾಸಿಗರ ಬಗ್ಗೆ ಅವನಿಗೆ ಅತಿಯಾಗಿ ಗೊತ್ತಿತ್ತು. 1965ರ ಅಕ್ಟೋಬರಿನಲ್ಲಿ ಪತ್ರಿಕೆ ಗುಟ್ಟು ಒಡೆಯಿತು. ಮರುಕ್ಷಣವೇ ಜಮೀನಿನ ಬೆಲೆ ಅನೇಕ ಪಟ್ಟು ಏರಿತು. ಅಷ್ಟರೊಳಗೆ 27 ಸಾವಿರ ಎಕರೆಗೂ ಹೆಚ್ಚು ಭೂಮಿ ಕೈಬದಲಾಗಿತ್ತು. ಎಕರೆಗೆ ಸರಾಸರಿ ಇನ್ನೂರು ಡಾಲರಿಗಿಂತಲೂ ಕಡಿಮೆಗೆ ಮಾರಿದವರಿಗೆ ತಾವು ಏನನ್ನು ಮಾರುತ್ತಿದ್ದೇವೆ ಎಂಬುದೇ ತಿಳಿದಿರಲಿಲ್ಲ.

ಆ ಭೂಮಿಯಲ್ಲಿ ಡಿಸ್ನಿ ಬಯಸಿದ್ದು ಬರೇ ಪಾರ್ಕನ್ನಲ್ಲ. ಇಪ್ಪತ್ತು ಸಾವಿರ ಜನರ, ವಿಜ್ಞಾನ ಕಥೆಯಂತಹ ಒಂದು ನಗರವನ್ನೇ ಕಟ್ಟುವ ಆಸೆ ಅವನಿಗಿತ್ತು, ಹೆಸರು 'ಎಪ್ಕಾಟ್'. ನಗರದ ನಡುಭಾಗಕ್ಕೆ ಸೂರು, ನೆಲದಡಿಯಲ್ಲಿ ವಾಹನಗಳು. ಆದರೆ ಅಲ್ಲಿನ ನಿವಾಸಿಗಳು ಬಾಡಿಗೆದಾರರು ಮಾತ್ರ. ಯಾರಿಗೂ ಸ್ವಂತ ನೆಲವಿಲ್ಲ, ಆದುದರಿಂದ ಮತದ ಹಿಡಿತವೂ ಇಲ್ಲ. 1966ರ ಡಿಸೆಂಬರಿನಲ್ಲಿ ಡಿಸ್ನಿ ತೀರಿಕೊಂಡ. 1982ರಲ್ಲಿ ಎಪ್ಕಾಟ್ ತೆರೆದಾಗ ಅದು ಇನ್ನೊಂದು ಪಾರ್ಕಾಗಿತ್ತು.

ಇಂದು ಇದೇ ಫ್ಲೋರಿಡಾದಲ್ಲಿ ಅಭಿಮಾನಿಗಳು ಗುಟ್ಟನ್ನು ಬೇರೆ ದಾರಿಯಿಂದ ಹೊರಗೆಳೆಯುತ್ತಾರೆ. 2015ರ ಆಗಸ್ಟಿನಲ್ಲಿ 14 ಎಕರೆಯ 'ಸ್ಟಾರ್ ವಾರ್ಸ್' ಲೋಕ ಬರಲಿದೆ ಎಂದಾಗ ಕಂಪೆನಿ ಹೇಳಿದ್ದು, ಹಿಂದೆಂದೂ ನೋಡದ ಗ್ರಹವೊಂದನ್ನು ತೋರಿಸುತ್ತೇವೆ ಎಂದಷ್ಟೇ. ಅಭಿಮಾನಿಗಳು ವಿಮಾನದಿಂದ ತೆಗೆದ ಚಿತ್ರಗಳನ್ನು ಹೋಲಿಸಿದರು, ಪೇಟೆಂಟ್ ಅರ್ಜಿಗಳನ್ನು ಓದಿದರು, ಕಟ್ಟಡದ ಪರವಾನಗಿಗಳನ್ನು ಹುಡುಕಿದರು. ಮಳೆನೀರು ಎಲ್ಲಿಂದ ಎಲ್ಲಿಗೆ ಹರಿಯಬೇಕು ಎಂದು ಸರಕಾರದ ನೀರು ನಿರ್ವಹಣಾ ಮಂಡಳಿಗೆ ಸಲ್ಲಿಸುವ ನಕ್ಷೆಯಿಂದ ಕಟ್ಟಡದ ಗಾತ್ರವನ್ನೂ ಅಳೆಯುತ್ತಾರೆ. 2019ರಲ್ಲಿ ಆ ಲೋಕ ತೆರೆಯಿತು. ಅದಕ್ಕೆ ಹೊಂದಿಕೊಂಡು 2022ರಲ್ಲಿ ತೆರೆದ ಅಂತರಿಕ್ಷ ಹಡಗಿನ ಹೊಟೇಲು, ಇಬ್ಬರಿಗೆ ಎರಡು ರಾತ್ರಿಗೆ ಸುಮಾರು 4,800 ಡಾಲರ್ ಕೇಳಿ, 2023ರ ಸೆಪ್ಟೆಂಬರಿನಲ್ಲೇ ಬಾಗಿಲು ಹಾಕಿತು.

ಬೈಕಂಪಾಡಿಗೆ ಬಂದ ನಾಳೆ

ನಮ್ಮ ರಾಜ್ಯದಲ್ಲೂ ಇಂತಹ ಊಹೆಗೆ ಆಸ್ಪದವಿದೆ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕನಸಾದ ಕೆಆರ್‌ಎಸ್‌ನ ಬೃಂದಾವನ ಉದ್ಯಾನ 1932ರಲ್ಲಿ ಪೂರ್ಣಗೊಂಡಿತು. ಅದರ ಬಳಿ 'ಡಿಸ್ನಿಲ್ಯಾಂಡ್ ಮಾದರಿ'ಯ ಪಾರ್ಕ್ ಕಟ್ಟುವುದಾಗಿ 2018ರಲ್ಲಿ ರಾಜ್ಯ ಸರಕಾರ ಹೇಳಿತು. 2024ರಲ್ಲಿ ಉದ್ಯಾನವನ್ನು ಮೇಲ್ದರ್ಜೆಗೇರಿಸುವ ಸಾವಿರಾರು ಕೋಟಿ ರೂಪಾಯಿಯ ಯೋಜನೆಗೆ ಸಂಪುಟ ಒಪ್ಪಿಗೆ ನೀಡಿತು. ಪೇಟೆಯವರು ಯಾವ ಸವಾರಿ ಬರುತ್ತದೆ ಎಂದು ಕೇಳಿದರೆ, ಮಂಡ್ಯದ ರೈತರು ಅಣೆಕಟ್ಟಿಗೆ ಏನಾಗುತ್ತದೆ, ಹೊಲಕ್ಕೆ ಏನಾಗುತ್ತದೆ ಎಂದು ಕೇಳಿದರು.

ಬೈಕಂಪಾಡಿಯ ಜನ ಈ ಎರಡನೆಯ ಬಗೆಯ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದವರು. ಪಣಂಬೂರಿನಲ್ಲಿ ಬಂದರಿಗಾಗಿ ಭೂಮಿ ಪಡೆದಾಗ ಮನೆ, ಗದ್ದೆ, ತೆಂಗಿನ ತೋಟ ಕಳೆದುಕೊಂಡ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳ ನಿವೇಶನಗಳಿಗೆ ಹೋದವು. 1975ರಲ್ಲಿ ನವಮಂಗಳೂರು ಬಂದರಿನ ಉದ್ಘಾಟನೆಯಾಯಿತು. 1976ರಲ್ಲಿ ಎಂಸಿಎಫ್ ಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಕುದುರೆಮುಖದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಹರಿದು ಇಲ್ಲಿಗೆ ಬಂತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಬೈಕಂಪಾಡಿ ಕೈಗಾರಿಕಾ ಪ್ರದೇಶವಾಯಿತು. ತೈಲ ಶುದ್ಧೀಕರಣಾಗಾರವೂ ಸಮೀಪದಲ್ಲೇ ಬಂತು. ಟುಮಾರೋಲ್ಯಾಂಡಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಕಂಡ ರಸಾಯನದ ನಾಳೆ, ನಮ್ಮಲ್ಲಿ ಹೊಗೆಗೊಳವೆಯಾಗಿ ನಿಂತಿತು.

ಇದರಿಂದ ಲಾಭವಾಗಲಿಲ್ಲ ಎನ್ನುವಂತಿಲ್ಲ. ಉದ್ಯೋಗ ಬಂತು, ರಸ್ತೆ ಬಂತು, ಪಣಂಬೂರಿನ ಕಡಲತೀರಕ್ಕೆ ಸಂಜೆ ಹೊತ್ತು ಮಕ್ಕಳನ್ನು ಕರೆದೊಯ್ಯುವ ಸಂಸಾರಗಳೂ ಬಂದವು. ಆದರೆ ಜೋಕಟ್ಟೆಯ ಜನ ಎಂಆರ್‌ಪಿಎಲ್‌ನ ಕೋಕ್-ಸಲ್ಫರ್ ಘಟಕದ ಹುಡಿಯ ವಿರುದ್ಧ ಬೀದಿಗಿಳಿದು ಹೋರಾಡಬೇಕಾಯಿತು. ಇಲ್ಲಿಯೂ ಊರಿಗೆ ಊರೇ 'ಮುಂದೇನು ಬರುತ್ತದೆ' ಎಂದು ಊಹಿಸುತ್ತಾ ಬದುಕಿದೆ. ವ್ಯತ್ಯಾಸ ಇಷ್ಟೆ: ಅಲ್ಲಿ ಊಹೆ ತಪ್ಪಿದರೆ ಅಭಿಮಾನಿಗೆ ನಿರಾಸೆ. ಇಲ್ಲಿ ಊಹೆ ತಪ್ಪಿದರೆ ಬಾವಿಯ ನೀರು ಹೋಗುತ್ತದೆ, ಅಂಗಳ ಹೋಗುತ್ತದೆ.

ಕಾಗದ ಓದುವ ಅಭ್ಯಾಸ

ಹಾಗಾದರೆ ಅಭಿಮಾನಿಗಳ ಹುಚ್ಚಿನಿಂದ ನಾವು ಕಲಿಯಬೇಕಾದದ್ದೇನು? ಅವರ ತಾಳ್ಮೆಯನ್ನು. ಒಂದು ಸವಾರಿಯ ತಿರುವು ತಿಳಿಯಲು ಅವರು ಸರಕಾರಿ ಕಡತಗಳನ್ನು ಜಾಲಾಡುತ್ತಾರೆ. ನಮ್ಮಲ್ಲೂ ಅಂತಹ ಕಾಗದಗಳಿವೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ನಡೆಯಬೇಕು, ಕನಿಷ್ಠ 30 ದಿನ ಮೊದಲು ಸೂಚನೆ ಸಿಗಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಅನುಮೋದಿತ ಕೈಗಾರಿಕಾ ಪ್ರದೇಶದೊಳಗಿನ ಯೋಜನೆಗಳಿಗೆ ಅಹವಾಲಿನಿಂದ ವಿನಾಯಿತಿಯೂ ಅದೇ ಅಧಿಸೂಚನೆಯಲ್ಲಿದೆ. ಬೈಕಂಪಾಡಿಯಂತಹ ಊರಿನವರು ಇದನ್ನು ಅರಿತಿರಲೇಬೇಕು. ಅಹವಾಲು ಇಲ್ಲದ ಕಡೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ.

ಮೊದಲೇ ತಿಳಿದುಕೊಂಡ ಜನ ಯೋಜನೆಯ ದಾರಿಯನ್ನೇ ಬದಲಿಸಿದ ಉದಾಹರಣೆಗಳೂ ಇವೆ. 1993ರಲ್ಲಿ ವರ್ಜೀನಿಯಾದ ಮನಾಸಸ್ ಯುದ್ಧಭೂಮಿಯ ಬಳಿ ಡಿಸ್ನಿ ಇತಿಹಾಸದ ಪಾರ್ಕ್ ಪ್ರಕಟಿಸಿದಾಗ ಇತಿಹಾಸಕಾರರೂ ನಿವಾಸಿಗಳೂ ಎದ್ದು ನಿಂತರು. ಮರುವರ್ಷವೇ ಕಂಪೆನಿ ಹಿಂದೆ ಸರಿಯಿತು. ನಮ್ಮ ನೆರೆಯಲ್ಲೇ, ಮಂಗಳೂರು ವಿಶೇಷ ಆರ್ಥಿಕ ವಲಯದ ಎರಡನೇ ಹಂತಕ್ಕೆ ಗುರುತಿಸಿದ್ದ ಎರಡು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ರೈತರ ಹೋರಾಟದ ಬಳಿಕ 2011ರಲ್ಲಿ ಸರಕಾರ ಕೈಬಿಟ್ಟಿತು.

ಪಿಲಿಕುಳದ ತಾರಾಲಯದಲ್ಲಿ ಕುಳಿತು ನಮ್ಮ ಮಕ್ಕಳು ಗ್ರಹಗಳ ನಡುವೆ ಹಾರುತ್ತಾರೆ. ಅವರು ಅಬುಧಾಬಿಯ ಪಾರ್ಕಿನ ಬಗ್ಗೆಯೂ ಊಹಿಸಲಿ, ಕನಸು ಕಾಣಲಿ, ಅದರಲ್ಲಿ ತಪ್ಪೇನಿಲ್ಲ. ಅದರ ಜೊತೆಗೆ ತಮ್ಮ ಊರಿನ ಮುಂದಿನ ನಕ್ಷೆಯನ್ನು ಪಂಚಾಯತಿನಲ್ಲೋ ಪಾಲಿಕೆಯಲ್ಲೋ ಕೇಳಿ ಓದುವುದನ್ನೂ ಹಿರಿಯರು ಅವರಿಗೆ ಕಲಿಸಬೇಕು. ರುಕಿಯಾ ಬರೆದ ನಾಡಿನಲ್ಲಿ ನಾಳೆಯನ್ನು ರೂಪಿಸಿದವರೇ ಅದರಲ್ಲಿ ಬದುಕಿದರು. ನಮ್ಮ ಊರುಗಳಿಗೂ ಆ ಹಕ್ಕಿದೆ.