ಕಪಾಟಿನ ಕೀಲಿ

1991ರಲ್ಲಿ ಅಮೆರಿಕದ ಪ್ರೌಢಶಾಲೆಗಳ ಮಕ್ಕಳಿಗೆ ಸರ್ಕಾರದವರು ಒಂದು ಪ್ರಶ್ನಾವಳಿ ಹಂಚಿದರು. ಕಳೆದ 30 ದಿನಗಳಲ್ಲಿ ಬಂದೂಕು, ಚಾಕು, ದೊಣ್ಣೆಯಂಥ ಆಯುಧವೇನಾದರೂ ನಿನ್ನ ಬಳಿ ಇಟ್ಟುಕೊಂಡು ತಿರುಗಿದ್ದುಂಟೆ ಎಂಬುದು ಅದರಲ್ಲೊಂದು ಪ್ರಶ್ನೆ. ಹೆಸರು ಬರೆಯಬೇಕಾಗಿರಲಿಲ್ಲ. ನೂರಕ್ಕೆ 26 ಮಂದಿ ‘ಉಂಟು’ ಎಂದರು. ಮೊದಲ ಸಲ ಓದಿದಾಗ ಅಚ್ಚಿನ ತಪ್ಪಿರಬೇಕೆಂದು ನಾನು ಅಂಕಿಯನ್ನು ಮತ್ತೊಮ್ಮೆ ನೋಡಿದ್ದುಂಟು.

ಮನೆಯಲ್ಲಿ ಬಂದೂಕಿದ್ದರೆ ಆಗುವುದೇನು? ಆರ್ಥರ್ ಕೆಲ್ಲರ್‌ಮನ್ ಎಂಬ ವೈದ್ಯರೂ ಅವರ ಸಂಗಡಿಗರೂ 1993ರಲ್ಲಿ ಒಂದು ಉತ್ತರ ಕೊಟ್ಟರು. ಅಂಥ ಮನೆಯಲ್ಲಿ ಕೊಲೆಯಾಗುವ ಸಂಭವ 2.7 ಪಟ್ಟು. ಅಪಾಯವಿದ್ದವನೇ ಅಲ್ಲವೆ ಬಂದೂಕು ಕೊಳ್ಳುವುದು ಎಂದು ಕೆಲವರು ಆಕ್ಷೇಪಿಸಿದರು. ಆಕ್ಷೇಪಣೆ ತಳ್ಳಿಹಾಕುವಂಥದಲ್ಲ, ಆದರೆ ಅದಕ್ಕೆ ಮದ್ದು ಇನ್ನಷ್ಟು ಸಂಶೋಧನೆಯೇ ಹೊರತು ಬೇರೆಯಲ್ಲ. ಆದದ್ದು ತದ್ವಿರುದ್ಧ. ಅರ್ಕಾನ್ಸಾ ಸಂಸ್ಥಾನದ ಸಂಸತ್ಸದಸ್ಯ ಜೇ ಡಿಕಿ 1996ರ ಆಯವ್ಯಯದಲ್ಲಿ ಒಂದು ವಾಕ್ಯ ಸೇರಿಸಿದರು: ಈ ಹಣ ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಸಲ್ಲದು. ಸಂಶೋಧನೆ ಕೂಡದೆಂದು ಅದರಲ್ಲಿರಲಿಲ್ಲ. ಆದರೆ ಆ ಕೆಲಸಕ್ಕೆ ಹಿಂದಿನ ವರ್ಷ ಖರ್ಚಾದಷ್ಟೇ ಮೊತ್ತ, 26 ಲಕ್ಷ ಡಾಲರ್, ಮಿದುಳಿನ ಗಾಯದ ಅಧ್ಯಯನಕ್ಕೆ ಸರಿಯಿತು. ಅಧಿಕಾರಿಗಳಿಗೆ ಇಷ್ಟು ಸೂಚನೆ ಸಾಲದೆ?

ಎರಡು ವರ್ಷ ಕಳೆದು, 1998ರ ಮಾರ್ಚಿಯಲ್ಲಿ, ಅದೇ ಅರ್ಕಾನ್ಸಾದ ಜೋನ್ಸ್‌ಬರೊ ಊರಿನ ಶಾಲೆಯೊಂದರ ಬಳಿ 11 ಮತ್ತು 13 ವಯಸ್ಸಿನ ಇಬ್ಬರು ಹುಡುಗರು ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿನಿಯರನ್ನೂ ಒಬ್ಬ ಉಪಾಧ್ಯಾಯಿನಿಯನ್ನೂ ಕೊಂದರು. ನಾನು ಮರೆಯಲಾರದ ವಿವರವೆಂದರೆ ಇದು: ಒಬ್ಬ ಹುಡುಗನ ತಂದೆಯ ಬಂದೂಕುಗಳಿದ್ದ ಉಕ್ಕಿನ ಕಪಾಟು ಅವರಿಗೆ ಜಗ್ಗಲಿಲ್ಲ. ಅಲ್ಲಿ ಸೋತು ಅವನ ಅಜ್ಜನ ಮನೆಗೆ ಹೋಗಿ ರೈಫಲ್ಲುಗಳನ್ನು ತಂದರು.

ಆ ಕಪಾಟಿನ ಬೀಗದ ಬೆಲೆ ಮುಂದೆ ಲೆಕ್ಕಕ್ಕೂ ಬಂತು. 2005ರಲ್ಲಿ ಡೇವಿಡ್ ಗ್ರಾಸ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕಿಗೆ ಬೀಗ, ಗುಂಡಿಗೆ ಬೀಗ, ಬಂದೂಕಿನಲ್ಲಿ ಗುಂಡು ತುಂಬದಿರುವುದು, ಎರಡನ್ನೂ ಬೇರೆಬೇರೆ ಇಡುವುದು, ಇವುಗಳಲ್ಲಿ ಯಾವುದಿದ್ದರೂ ಮಕ್ಕಳ ಆತ್ಮಹತ್ಯೆಯೂ ಆಕಸ್ಮಿಕ ಗಾಯವೂ ಕಡಿಮೆಯೆಂದು ಕಂಡಿತು. ಬಂದೂಕನ್ನು ಯಾರಿಂದಲೂ ಕಸಿದುಕೊಳ್ಳದೆ ಆಗುವ ಕೆಲಸ!

ಡಿಕಿಯವರ ಮನಸ್ಸೂ ತಿರುಗಿತು. 2012ರಲ್ಲಿ, ತಾವು ಒಮ್ಮೆ ಎದುರಿಸಿದ್ದ ಸಂಶೋಧನಾ ಕೇಂದ್ರದ ಮಾಜಿ ಮುಖ್ಯಸ್ಥ ಮಾರ್ಕ್ ರೋಸೆನ್‌ಬರ್ಗರ ಜೊತೆಗೂಡಿ, ಸಂಶೋಧನೆ ನಡೆಯಲೇಬೇಕೆಂದು ಪತ್ರಿಕೆಗೆ ಬರೆದರು. ಸಂಸತ್ತು ಇದಕ್ಕೆಂದೇ 2.5 ಕೋಟಿ ಡಾಲರ್ ಮತ್ತೆ ತೆಗೆದಿಟ್ಟದ್ದು 2019ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಡಿಕಿ ತೀರಿಕೊಂಡು ಎರಡು ವರ್ಷ ದಾಟಿತ್ತು.