ಮಡಕಶಿರ ಸೀಮೆಯ ಈಚಲು ಹೆಂಡ

ಈಗ ಆಂಧ್ರದಲ್ಲಿರುವ ಮಡಕಶಿರ, ರಾಯದುರ್ಗ ಸೀಮೆಯಲ್ಲಿ ಹಳ್ಳದ ದಂಡೆ, ಕೆರೆಯ ಹಿಂದಣ ತಗ್ಗುಗಳಲ್ಲಿ ತಾನಾಗಿ ಬೆಳೆಯುವ ಮರ ಈಚಲು. ಇಲ್ಲಿನ ಹೆಂಡದ ಕಸುಬು ನಿಂತದ್ದು ಇದರ ಮೇಲೆ. ಕನ್ನಡ ನಾಡಿನಲ್ಲಿ ಈ ಕಸುಬು ಬಹು ಹಳೆಯದು. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಬಯಲುಸೀಮೆಯಲ್ಲಿ ಈಡಿಗರು, ಕರಾವಳಿಯಲ್ಲಿ ಬಿಲ್ಲವರು ಇದನ್ನು ಕುಲಕಸುಬಾಗಿ ನಡೆಸಿಕೊಂಡು ಬಂದರು.

ಬಿಯರಿನ ರುಚಿ ಹಾಪ್ ಹೂವಿನ ತಳಿಯೊಂದಿಗೆ ಬದಲಾಗುತ್ತದೆ. ಹೆಂಡದ ರುಚಿ, ರಸ ತೆಗೆಯುವ ಬಗೆ ಎರಡೂ ಮರದ ಜಾತಿಯೊಂದಿಗೆ. ತೆಂಗು, ತಾಳೆ, ಬೈನೆ ಮರಗಳಲ್ಲಿ ರಸ ಒಸರುವುದು ಹೂಗೊಂಚಲಿನಿಂದ. ತೆಂಗಿನ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು, ದಿನವೂ ತುದಿ ಕೊಯ್ಯುತ್ತಾರೆ. ಈಚಲಿನಲ್ಲಿ ಕೆತ್ತುವುದು ಕಾಂಡವನ್ನೇ. ಚಳಿಗಾಲದಲ್ಲಿ ಸುಳಿಯ ಕೆಳಗೆ ಒಂದು ಮಗ್ಗುಲಿನ ಗರಿ ತೆಗೆದು, ಮೆತ್ತನೆಯ ಭಾಗವನ್ನು ತೆಳುವಾಗಿ ಕೆತ್ತಿ ಮಡಕೆ ಕಟ್ಟುತ್ತಾರೆ. ಮರುವರ್ಷ ಎದುರು ಮಗ್ಗುಲಿಗೆ ಕತ್ತಿ ಹಾಕುವುದರಿಂದ ಹಳೆಯ ಮರದ ಮೈ ಅಂಕುಡೊಂಕಾಗಿ ಕಾಣುತ್ತದೆ. ಕತ್ತಿ ಆಳಕ್ಕೆ ಇಳಿದು ಸುಳಿ ಗಾಯಗೊಂಡರೆ ಮರ ಸಾಯುತ್ತದೆ. ಆದ್ದರಿಂದ ಕೈಯ ಹದವೇ ಈ ವಿದ್ಯೆಯ ಜೀವಾಳ.

ನಸುಕಿನಲ್ಲಿ ಸಿಹಿಯಾಗಿರುವ ರಸ ಗಾಳಿಯ ಮತ್ತು ಮಡಕೆಯ ಯೀಸ್ಟಿನಿಂದ ಕೆಲವೇ ಗಂಟೆಗಳಲ್ಲಿ ಹುದುಗುತ್ತದೆ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಹುದುಗು ತಡವಾಗುತ್ತದೆ. ಹುದುಗದ ಸಿಹಿ ರಸವಾದ ನೀರಾ ಅಥವಾ ಬೆಲ್ಲ ಬೇಕಾದಾಗ ಹೀಗೆ ಮಾಡುತ್ತಾರೆ. ಬಿಯರನ್ನು ಕೆಡದಂತೆ ಕಾಯುವ ಹಾಪ್‌ನಂಥದು ಇಲ್ಲಿ ಇಲ್ಲದ್ದರಿಂದ ಹೆಂಡ ಒಂದೆರಡು ದಿನದಲ್ಲೇ ಹುಳಿಯಾಗುತ್ತದೆ. ಹಾಗಾಗಿ ಇಳಿಸಿದ ಊರಿನ ಆಸುಪಾಸಿನಲ್ಲೇ ಅದು ಮಾರಾಟವಾಗಬೇಕಿತ್ತು.

ಸರ್ಕಾರದ ಕಣ್ಣೂ ಮರದ ಮೇಲೇ ಬಿತ್ತು. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ಈ ಸೀಮೆ ಮದರಾಸು ಪ್ರಾಂತ್ಯಕ್ಕೆ ಸೇರಿತು. 1886ರ ಮದರಾಸು ಅಬಕಾರಿ ಕಾಯಿದೆಯ ಕಾಲದಲ್ಲಿ ಹೆಂಡ ಇಳಿಸುವ ಮರಕ್ಕೆ ಕಂದಾಯ, ಅಂಗಡಿಗೆ ಲೈಸೆನ್ಸ್ ಬೇಕಾದವು. 1948ರ ಹೊತ್ತಿಗೆ ಪಾನನಿಷೇಧ ಪ್ರಾಂತ್ಯವನ್ನೆಲ್ಲ ಆವರಿಸಿ, ಮರ ಏರುವವರ ಅನ್ನಕ್ಕೇ ಕುತ್ತು ಬಂತು. 1953ರಲ್ಲಿ ಸೀಮೆ ಆಂಧ್ರಕ್ಕೆ ಸೇರಿತು. ಮುಂದೆ ನಿಷೇಧ ಸಡಿಲಗೊಂಡ ಮೇಲೆ ಅಲ್ಲಿ ಮರ ಏರುವವರ ಸಹಕಾರ ಸಂಘಗಳಿಗೆ ಮರಗಳನ್ನು ವಹಿಸುವ ವ್ಯವಸ್ಥೆ ಬಂತು. ಕರ್ನಾಟಕವಾದರೋ 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ಹೆಂಡ ನಿಲ್ಲಿಸಿತು. ಹೀಗೆ ಕರ್ನಾಟಕದ ಶಿರಾ, ಪಾವಗಡಗಳಿಗೂ ಮಡಕಶಿರಕ್ಕೂ ನಡುವೆ ಮಾತು, ಮಣ್ಣು, ಮರ ಒಂದೇ ಆಗಿದ್ದರೂ ಕಸುಬಿನ ಪಾಡು ಗಡಿಯಲ್ಲಿ ಎರಡಾಯಿತು.